ಕೊನೆಯ ಹನಿಯನ್ನು ಬೈಯದ ಮೇಡಮ್

ನಮ್ಮ ಕೆಮಿಸ್ಟ್ರಿ ಮೇಡಮ್ ಕಳೆದ ತಿಂಗಳು ನಿವೃತ್ತರಾದರು. ಗುಬ್ಬಿಯ ನಮ್ಮ ಪಿಯು ಕಾಲೇಜಿನಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಜೊತೆಯ ಉಪನ್ಯಾಸಕಿ ಎಂದು ನನ್ನನ್ನೂ ಮಾತಾಡಲು ಕರೆದರು. ಎದ್ದು ಹೋಗಿ ಮೈಕ್ ಹಿಡಿದು, "ಮೇಡಮ್ ನಮಗೆಲ್ಲ ಕೊಬ್ಬರಿ ಬೆಲ್ಲ ಕೊಡ್ತಿದ್ರು" ಎಂದೆ. ಎಲ್ಲರೂ ನಕ್ಕರು. ಅದರ ಮುಂದಿನ ಮಾತು ಬಾಯಿಗೆ ಬರಲಿಲ್ಲ. ಬಂದು ಕೂತುಬಿಟ್ಟೆ.

ಹೇಳಬೇಕೆಂದುಕೊಂಡಿದ್ದು ಕೊಬ್ಬರಿಯ ವಿಷಯ ಅಲ್ಲ. ನನ್ನ ಅಮ್ಮ ಇವತ್ತು ಬದುಕಿರುವುದು, ನನ್ನ ಅಣ್ಣ ಮನೆಯಲ್ಲಿ ಮನುಷ್ಯನಾಗಿ ಓಡಾಡಿಕೊಂಡಿರುವುದು ಈ ಹೆಂಗಸಿನಿಂದ ಎಂಬುದು. ಅದನ್ನು ಹೂವಿನ ಹಾರಗಳ ನಡುವೆ ಮೈಕಿನಲ್ಲಿ ಹೇಳುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಬೈಯುತ್ತಾರೆ, ಬೈಯುವುದರಲ್ಲಿ ಅವರದು ಎತ್ತಿದ ಕೈ.

ಅವರ ಕೋಪದಿಂದಲೇ ಶುರು ಮಾಡಬೇಕು. ಕುಳ್ಳಗಿನ ಆಳು, ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು, ಕೈಗಡಿಯಾರ ಮಣಿಕಟ್ಟಿನ ಒಳಮುಖಕ್ಕೆ. ನಾವಿಬ್ಬರೂ ತುಮಕೂರಿನಿಂದ ಒಂದೇ ಬಸ್ಸಿಗೆ ಗುಬ್ಬಿಗೆ ಹೋಗುತ್ತಿದ್ದೆವು. ಒಮ್ಮೆ ಡ್ರೈವರ್ ಕಾಲೇಜಿನ ಗೇಟು ದಾಟಿಸಿ ದೂರ ನಿಲ್ಲಿಸಿದ.

"ಏನ್ರೀ, ಸ್ಟಾಪ್ ಅಂತ ಅಲ್ಲಿ ಕಂಬ ನೆಟ್ಟಿರೋದು ಹಸ ಮೈ ಉಜ್ಕೊಳ್ಳೋಕಾ?" ಎಂದರು ಮೇಡಮ್.

"ಒಂಚೂರು ಮುಂದೆ ಬಂದಿದೀವಿ ಅಷ್ಟೆ, ಇಳೀರಿ ಮೇಡಮ್" ಎಂದ ಕಂಡಕ್ಟರ್.

"ಅಷ್ಟೇ ತಾನೆ? ಬನ್ನಿ, ನೀವೂ ನನ್ ಜೊತೆ ನಡ್ಕೊಂಡು."

ಬಸ್ಸೆಲ್ಲ ನಕ್ಕಿತು. ಇಳಿದ ಮೇಲೆ ಮೇಡಮ್ ಕಾಲೇಜಿನ ಕಡೆ ಹೊರಡಲಿಲ್ಲ. ರಸ್ತೆ ಬದಿಯಲ್ಲಿ ನಿಂತು, ಗಡಿಯಾರ ನೋಡುತ್ತ ತಮ್ಮ ನಾಡಿಯನ್ನು ತಾವೇ ಹಿಡಿದುಕೊಂಡರು.

"ಇರಮ್ಮ, ಇಳೀಲಿ. ಇದೇ ಸ್ಪೀಡಲ್ಲಿ ಕ್ಲಾಸಿಗೆ ಹೋದ್ರೆ ಮೊದ್ಲನೇ ಬೆಂಚಿನ ಮಕ್ಳು ಕೆಟ್ರು."

ನಾನು ಆಗಿನ್ನೂ ಹೊಸಬಳು, ಇತಿಹಾಸದ ಉಪನ್ಯಾಸಕಿ. ನಗಬೇಕೋ ಬೇಡವೋ ಗೊತ್ತಾಗದೆ ನಿಂತಿದ್ದೆ. ಅವರೇ ಹೇಳಿದರು: "ನನ್ ಕೋಪದ ಮೇಲೆ ಚಿಕ್ಕಂದಿನಿಂದ ಪ್ರಾಕ್ಟಿಕಲ್ ಮಾಡ್ತಾನೇ ಇದೀನಿ ಕಣಮ್ಮ. ರೆಕಾರ್ಡ್ ಬರ್ದಿಲ್ಲ ಅಷ್ಟೆ."

ಕೊಬ್ಬರಿ ಬೆಲ್ಲವೂ ಆ ಪ್ರಾಕ್ಟಿಕಲ್ಲಿನ ಭಾಗವೇ. ಅವರ ಬ್ಯಾಗಿನಲ್ಲಿ ಸದಾ ಒಂದು ಸ್ಟೀಲ್ ಡಬ್ಬಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಪ್ರಿನ್ಸಿಪಾಲರು ಮೀಟಿಂಗ್ ಕರೆದರೆ ಅದು ಮೇಜಿನ ಮೇಲೆ ಬರುತ್ತಿತ್ತು. "ಮೊದ್ಲು ಒಂದೊಂದ್ ಚೂರು ಬಾಯಿಗಾಕ್ಕೊಳ್ಳಿ ಸರ್. ಹಸ್ದ ಹೊಟ್ಟೇಲಿ ಕೂತ್ರೆ ಮೀಟಿಂಗ್ ಆಗಲ್ಲ, ಜಗಳ ಆಗುತ್ತೆ." ಪ್ರಿನ್ಸಿಪಾಲರು ಮುಖ ಗಂಟಿಕ್ಕಿಕೊಂಡೇ ಡಬ್ಬಿಗೆ ಕೈ ಹಾಕುತ್ತಿದ್ದರು. ಬಾಯಲ್ಲಿ ಗಟ್ಟಿ ಕೊಬ್ಬರಿ ಇಟ್ಟುಕೊಂಡು ಯಾರನ್ನೂ ಗದರಿಸುವುದು ಸಾಧ್ಯವಿಲ್ಲ ಎಂಬುದೂ ಅವರ ಲೆಕ್ಕದಲ್ಲಿತ್ತೋ ಏನೋ.

ಒಂದು ದಿನ ಲ್ಯಾಬಿನ ಹೊರಗೆ ಇಬ್ಬರು ಹುಡುಗರು ಕಾಲರ್ ಹಿಡಿದು ಹೊಡೆದಾಡುತ್ತಿದ್ದರು. ಬಿಡಿಸಿದ ಮೇಲೆ ನಾವೆಲ್ಲ ಕೇಳುವುದು ಒಂದೇ: ಯಾರು ಮೊದಲು ಕೈ ಮಾಡಿದ್ದು? ಮೇಡಮ್ ಅದನ್ನು ಕೇಳಲೇ ಇಲ್ಲ. ಇಬ್ಬರಿಗೂ ನೀರು ಕುಡಿಸಿ, ಎದುರುಬದುರು ನಿಲ್ಲಿಸಿ, ಒಬ್ಬನ ನಾಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟರು.

"ಹಿಡ್ಕೊಳ್ರೋ. ಅವನ್ದು ನೀನು, ನಿನ್ದು ಅವ್ನು. ಇಬ್ರದೂ ಇಳಿಯೋವರ್ಗೂ ಮಾತಾಡಂಗಿಲ್ಲ."

ಸ್ವಲ್ಪ ಹೊತ್ತಾದ ಮೇಲೆ ಒಬ್ಬ, "ಮೇಡಮ್, ಇವನ್ದು ಇನ್ನೂ ಡಬಡಬ ಅಂತೈತೆ" ಎಂದ. "ನಿಂದೇನ್ಲಾ ಕಮ್ಮಿನಾ?" ಎಂದ ಇನ್ನೊಬ್ಬ. ಕಾರಿಡಾರಿನಲ್ಲಿದ್ದವರೆಲ್ಲ ನಕ್ಕರು, ಕೊನೆಗೆ ಅವರಿಬ್ಬರೂ ನಕ್ಕರು. ಆಮೇಲೆ ಮೇಡಮ್ ಇಬ್ಬರಿಗೂ ಸೇರಿಸಿ ಬೈದರು. ಆ ಬೈಗುಳ ಸ್ಟಾಫ್ ರೂಮಿಗೂ ಕೇಳಿಸಿತು.

ಅವರ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವುದನ್ನು ನಾನು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮೇಲಿನ ಗಾಜಿನ ಕೊಳವೆಯಿಂದ ನೇರಳೆ ಬಣ್ಣದ ದ್ರಾವಣ ಹನಿಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬೀಳುತ್ತದೆ. ಎಷ್ಟು ಬಿದ್ದರೂ ಕೆಳಗಿನ ನೀರಿಗೆ ಬಣ್ಣ ನಿಲ್ಲುವುದಿಲ್ಲ. ಆಮೇಲೆ ಒಂದೇ ಒಂದು ಹನಿಗೆ ಫ್ಲಾಸ್ಕೆಲ್ಲ ಗುಲಾಬಿಯಾಗಿಬಿಡುತ್ತದೆ. "ಆ ಒಂದ್ ಹನಿಯಿಂದ ಕೆಟ್ಟೋಯ್ತು ಮೇಡಮ್" ಎಂದು ಮಕ್ಕಳು ಪೇಚಾಡುತ್ತಿದ್ದರು. "ಕೊನೇ ಹನೀನ ಯಾಕ್ರೋ ಬೈತೀರಾ? ಅದಕ್ ಮುಂಚೆ ಬಿದ್ದಿದ್ದೆಲ್ಲ ಎಲ್ಲೋಯ್ತು?" ಎನ್ನುತ್ತಿದ್ದರು ಮೇಡಮ್. ಅದು ರಸಾಯನಶಾಸ್ತ್ರದ ಮಾತು ಎಂದಷ್ಟೇ ಆಗ ನಾನು ತಿಳಿದಿದ್ದೆ.

ಅಣ್ಣನ ವಿಷಯವನ್ನು ಅವರಿಗೆ ಹೇಳಿದ್ದು ಬಸ್ಸಿನಲ್ಲೇ. ನಾನು ಕೆಲಸಕ್ಕಾಗಿ ತುಮಕೂರಿನಲ್ಲಿದ್ದೆ, ನಮ್ಮ ಮನೆ ಕುಣಿಗಲ್ಲಿನಲ್ಲಿ, ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಬೀದಿಯಲ್ಲಿ. ಅಪ್ಪ ಇಲ್ಲ. ಅಮ್ಮನ ಜೊತೆ ಅಣ್ಣ ಇದ್ದಾನೆ. ಮೋಟಾರ್ ವೈಂಡಿಂಗ್ ಕೆಲಸದಲ್ಲಿ ಅವನ ಕೈ ಚುರುಕು ಎಂದು ಊರೆಲ್ಲ ಹೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಅವನಿಗೆ ಯಾರೋ ತನ್ನ ಬಗ್ಗೆ ಮಾತಾಡಿಕೊಳ್ಳುವುದು ಕೇಳಿಸತೊಡಗಿತು. ತುಮಕೂರಿನ ಮನೋವೈದ್ಯರು ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಮೇಲೆ ಅವನು ಚೆನ್ನಾಗಿಯೇ ಇದ್ದ. ಈ ಸುದ್ದಿ ಕೇಳಿದವರು ಸಾಮಾನ್ಯವಾಗಿ "ಅಯ್ಯೋ ಪಾಪ" ಎನ್ನುತ್ತಾರೆ, ಇಲ್ಲವೇ "ಹೊಡೆಯೋದು ಗಿಡಿಯೋದು ಮಾಡ್ತಾನಾ?" ಎಂದು ಕೇಳುತ್ತಾರೆ. ಮೇಡಮ್ ಕೇಳಿದ್ದು, "ಟೇಬಲ್ ಫ್ಯಾನ್ ರಿಪೇರಿ ಮಾಡ್ತಾನಾ?" ಎಂದು.

ಮುಂದಿನ ಶನಿವಾರ ನಾನು ಅವರ ಫ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕುಣಿಗಲ್ ಬಸ್ಸಿನಲ್ಲಿ ಕೂತಿದ್ದೆ. ಅಣ್ಣ ಅದನ್ನು ಬಿಚ್ಚಿ, ಹೊಸ ತಂತಿ ಸುತ್ತಿ ಕೊಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಫ್ಯಾನ್ ಮೇಡಮ್.

ಮೆದುಳಿನ ಬಗ್ಗೆ ಅವರು ಬಹಳ ಓದುತ್ತಿದ್ದರು, ಆದರೆ ಓದಿದ್ದನ್ನು ಸಲೀಸಾಗಿ ನಂಬುತ್ತಿರಲಿಲ್ಲ. "ಸೆರೊಟೋನಿನ್ ಕಮ್ಮಿ ಆದ್ರೆ ಕೋಪ ಜಾಸ್ತಿ ಅಂತ ಪೇಪರ್ನೋರು ಬರೀತಾರೆ. ಅಷ್ಟು ಸುಲ್ಭ ಆಗಿದ್ರೆ ನಮ್ ಪ್ರಿನ್ಸಿಪಾಲ್ರಿಗೆ ಬೆಳಿಗ್ಗೆ ಎದ್ದು ಒಂದ್ ಲೋಟ ಕುಡಿಸ್ಬುಡ್ಬೋದಿತ್ತು" ಎನ್ನುತ್ತಿದ್ದರು. ಆಮೇಲೆ ಗಂಭೀರವಾಗಿ: "ಮೆದುಳಲ್ಲಿ ಒಂದು ಭಾಗ ಅಪಾಯ ಅಪಾಯ ಅಂತ ಕೂಗುತ್ತೆ, ಇನ್ನೊಂದು ಭಾಗ ತಡಿ ನೋಡೋಣ ಅನ್ನುತ್ತೆ. ಈ ರಾಸಾಯನಿಕಗಳೆಲ್ಲ ಇವೆರಡರ ಮಧ್ಯೆ ಓಡಾಡೋ ಸುದ್ದಿ. ಸುದ್ದಿ ಹೆಚ್ಚುಕಮ್ಮಿ ಆದ್ರೆ ಇಲ್ಲದ ಅಪಾಯ ಕಾಣುತ್ತೆ, ತಡಿ ಅನ್ನೋದು ಕೇಳ್ಸಲ್ಲ. ಅದೂ ಎಲ್ರಿಗೂ ಅಲ್ಲ. ಮಾತ್ರೆ ತಗೊಳ್ಳೋರೆಲ್ಲ ಮಚ್ಚು ಹಿಡಿಯಲ್ಲಮ್ಮ. ಮಚ್ಚು ಹಿಡಿಯೋರೆಲ್ಲ ಮಾತ್ರೆ ತಗೊಳ್ಳೋರೂ ಅಲ್ಲ."

ಮಚ್ಚಿನ ಮಾತನ್ನು ಅವರು ಹೇಳಿದ್ದು ಎಷ್ಟೋ ಮುಂಚೆ, ಬರಿಯ ಮಾತಿಗೆ.

ಹೋದ ವರ್ಷದ ಶ್ರಾವಣದ ಕೊನೆಯ ಸೋಮವಾರ ಕಾಲೇಜಿಗೆ ರಜೆ ಇತ್ತು. ನಮ್ಮದು ಶಿವಪೂಜೆಯ ಮನೆ. ಶ್ರಾವಣ ಪೂರ್ತಿ ಒಪ್ಪೊತ್ತು, ಅಂದರೆ ದಿನಕ್ಕೆ ಒಂದೇ ಊಟ. ಸೋಮವಾರ ಅದೂ ಇಲ್ಲ, ಇಡೀ ದಿನ ನಿರಾಹಾರ. ಕೊನೆಯ ಸೋಮವಾರ ಮಾತ್ರ ಸಂಜೆಯ ಪೂಜೆ ಮುಗಿದ ಮೇಲೆ ನಾಲ್ಕು ಜನರನ್ನು ಕರೆದು ಊಟ. ಅಮ್ಮ ಮೇಡಮ್ಮರನ್ನೂ ಕರೆದಿದ್ದರು. ನಾವಿಬ್ಬರೂ ಮಧ್ಯಾಹ್ನವೇ ಕುಣಿಗಲ್ಲಿಗೆ ಬಂದೆವು.

ಅಣ್ಣ ಹಿತ್ತಲಲ್ಲಿ ಪೂಜೆಗೆ ಮಚ್ಚಿನಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ಮೇಡಮ್ಮರನ್ನು ನೋಡಿ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ನಿದ್ದೆ ಇಲ್ಲದ ಕಣ್ಣು. ನಾನು ಉಪವಾಸದ ಆಯಾಸ ಅಂದುಕೊಂಡೆ. ಅಮ್ಮ ಅಡುಗೆಮನೆಗೆ ಹೋಗಿ ಚಟ್ನಿಗೆ ಮಿಕ್ಸಿ ಹಾಕಿದರು. ಹಾಲಿನಲ್ಲಿ ಟಿವಿ ಓಡುತ್ತಿತ್ತು.

ಆಮೇಲಿನದು ನನ್ನ ತಲೆಯಲ್ಲಿ ಇವತ್ತಿಗೂ ನಡೆಯುತ್ತಲೇ ಇದೆ. ಎಲ್ಲೋ ಮಿಕ್ಸಿ ಸದ್ದಾದರೆ ಸಾಕು, ಮತ್ತೆ ಮೊದಲಿಂದ ಶುರುವಾಗುತ್ತದೆ. ಅಣ್ಣ ಹಿತ್ತಲಿಂದ ಒಳಕ್ಕೆ ಬಂದ. ಕೈಯಲ್ಲಿ ಮಚ್ಚು. ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. ಆ ಅಡುಗೆಮನೆಗೆ ಬೇರೆ ಬಾಗಿಲಿಲ್ಲ. ಒಳಗೆ ಅಮ್ಮ.

"ನಿಲ್ಸು! ಯಾರಿಗೆ ಸಿಗ್ನಲ್ ಕೊಡ್ತಿದೀಯಾ? ನಂಗೊತ್ತಿಲ್ಲ ಅನ್ಕೊಂಡಿದೀಯಾ?"

"ಏನಪ್ಪ, ಚಟ್ನಿ ಕಣಪ್ಪ..." ಅಮ್ಮನ ದನಿ ಮಿಕ್ಸಿಯ ಸದ್ದಿನಲ್ಲಿ ಅರ್ಧ ಕೇಳಿಸಿತು. ಅವರಿಗೆ ಮಿಕ್ಸಿ ಆರಿಸಲೂ ತೋಚಲಿಲ್ಲ. ಅಣ್ಣ ಮಚ್ಚನ್ನು ಮೇಲೆತ್ತಿದ. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ.

ಫಟ್ಟನೆ ಎಲ್ಲ ನಿಂತಿತು. ಮಿಕ್ಸಿ ಇಲ್ಲ, ಟಿವಿ ಇಲ್ಲ, ತಲೆಯ ಮೇಲಿನ ಫ್ಯಾನೂ ಇಲ್ಲ. ತಿರುಗಿ ನೋಡಿದರೆ ಮೇಡಮ್ ಮೀಟರಿನ ಹತ್ತಿರ ನಿಂತಿದ್ದಾರೆ, ಮೇನ್ ಸ್ವಿಚ್ ಕೆಳಗೆ ಎಳೆದು.

ಅವರು ಅವನ ಹತ್ತಿರ ಹೋಗಲಿಲ್ಲ. ಹಾಲಿನ ಆಚೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಖಾಲಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. ಬಸ್ಸು ನಡುಗಿಸುವ ಆ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ನಾನು ಕಣಪ್ಪ, ಫ್ಯಾನ್ ಮೇಡಮ್. ಸದ್ದು ಜಾಸ್ತಿ ಆಗಿತ್ತಲ್ವಾ? ಕರೆಂಟ್ ನಾನೇ ತೆಗ್ದೆ."

ಅವನು ಅರ್ಧ ತಿರುಗಿದ. "ಅವ್ರೆಲ್ಲ ಮಾತಾಡ್ತಾವ್ರೆ."

"ನಂಗೆ ಕೇಳಿಸ್ತಿಲ್ಲಪ್ಪ. ನಿಂಗೆ ಕೇಳಿಸ್ತಿರ್ಬೋದು. ಭಯ ಆಗ್ತಿದ್ಯಾ?"

ಅವನು ಮಚ್ಚನ್ನೇ ನೋಡಿಕೊಂಡ.

"ನಂಗಂತೂ ಆಗ್ತಿದೆ. ನಿನ್ ಕೈಲಿ ಮಚ್ಚಿದೆಯಲ್ಲ, ಅದಕ್ಕೆ." ಹಿತ್ತಲ ಕಡೆ ನೋಡಿ, "ಹಿತ್ಲ ಬಾಗ್ಲು ತೆಗ್ದೇ ಇದೆ. ನಿನ್ನ ಯಾರೂ ಹಿಡ್ಕೊಳ್ಳಲ್ಲ. ಗಾಳಿಗೆ ಹೋಗ್ಬೇಕಾದ್ರೆ ಹೋಗು. ಅದನ್ನ ಮಾತ್ರ ಬಟ್ಟೆ ಒಗೆಯೋ ಕಲ್ ಮೇಲೆ ಇಟ್ಬುಡು. ಆಮೇಲೆ ನನ್ ಫ್ಯಾನಿನ ವಿಷ್ಯ ಮಾತಾಡಣ, ಮತ್ತೆ ಗೊರಗೊರ ಅಂತಿದೆ."

ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಅಣ್ಣನ ಕೈ ಕೆಳಗಿಳಿಯಿತು. "ಬೇರಿಂಗ್ ಹೋಗಿರ್ತದೆ" ಎಂದ. ಹಿತ್ತಲಿಗೆ ನಡೆದ. ಕಲ್ಲಿನ ಮೇಲೆ ಕಬ್ಬಿಣ ಇಟ್ಟ ಸದ್ದು ಕೇಳಿಸಿತು.

ಅಮ್ಮನನ್ನು ನಾನು ಈಚೆಗೆ ಎಳೆದುಕೊಂಡೆ. ಅಪಾಯ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ನನ್ನ ಕಿರುಚಾಟ ಕೇಳಿ, ಕಿಟಕಿಯಿಂದ ಮಚ್ಚು ಕಂಡು ಬೀದಿಯವರು ಬಂದಿದ್ದರು. ಮುಂದೆ ಪಕ್ಕದ ಮನೆಯ ಟೈರ್ ಅಂಗಡಿ ಮಾವ, ಕೈಯಲ್ಲಿ ಕಬ್ಬಿಣದ ರಾಡು. ಹಿಂದೆ ಯಾರದೋ ಕೈಯಲ್ಲಿ ಹಗ್ಗ.

"ಎಲ್ಲವ್ನೆ ಅವ್ನು? ಇವತ್ತು ಬುಡಲ್ಲ. ಹೆತ್ತವ್ವನ್ ಮೇಲೆ ಮಚ್ಚೆತ್ತೋನ್ನ ಮೂಳೆ ಮುರ್ದು ಕಟ್ಟಾಕ್ತೀನಿ."

ಮೇಡಮ್ ಎದ್ದು ಬಾಗಿಲಿಗೆ ಹೋದರು. ಈಗ ಬೈಯುತ್ತಾರೆ ಅಂದುಕೊಂಡೆ. ಅವರು ಮಾವನ ರಾಡು ಹಿಡಿದ ಕೈಯ ಮಣಿಕಟ್ಟನ್ನು ಹಿಡಿದರು. ನಾಡಿಯ ಮೇಲೆ ಬೆರಳಿಟ್ಟರು.

"ಯಜಮಾನ್ರೇ, ಹೆಂಗ್ ಹೊಡ್ಕೊಳ್ತಿದೆ ನೋಡಿ. ಅವ್ನಿಗೂ ಹಿಂಗೇ ಹೊಡ್ಕೊಳ್ತಿದೆ. ನಿಮ್ಮಿಬ್ರ ಮೈಯಲ್ಲೂ ಈಗ ಓಡ್ತಿರೋದು ಒಂದೇ ರಾಸಾಯನಿಕ. ಆದ್ರೆ ಅವ್ನು ಕೈಯಲ್ಲಿದ್ದಿದ್ನ ಕೆಳಗಿಟ್ಟವ್ನೆ. ನೀವು ಇನ್ನೂ ಇಟ್ಟಿಲ್ಲ."

"ಹಂಗಂತ ಬುಟ್ಬುಡೋದಾ ಮೇಡಮ್? ನಮ್ಮನೇಲೂ ಹೆಂಗಸ್ರು ಮಕ್ಳು ಅವ್ರೆ."

"ಬಿಡೋದು ಬೇಡ. ಆಸ್ಪತ್ರೆಗೆ ಕರ್ಕೊಂಡ್ ಹೋಗೋಣ. ನಿಮ್ ಕಾರ್ ತನ್ನಿ. ಹಗ್ಗ ಬೇಡ."

ಮಾವ ಅವರನ್ನು ನೋಡಿದರು, ತಮ್ಮ ಕೈಯನ್ನೂ ನೋಡಿಕೊಂಡರು. ರಾಡನ್ನು ಗೋಡೆಗೆ ಒರಗಿಸಿ ಕಾರು ತರಲು ಹೋದರು. ಅವರು ಹೋದ ಮೇಲೆ ಹಗ್ಗ ಹಿಡಿದವನಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಆ ದಿನ ಮೊದಲ ಏಟು ಬಿದ್ದಿದ್ದರೆ ಅಣ್ಣ ಬದುಕುತ್ತಿದ್ದನೋ ಇಲ್ಲವೋ. ಬದುಕಿದ್ದರೂ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯುತ್ತಿರಲಿಲ್ಲ.

ಹೊರಡುವ ಮುಂಚೆ ಮೇಡಮ್ ಅಮ್ಮನನ್ನು ಕೇಳಿದರು: "ಡಾಕ್ಟ್ರಿಗೆ ತೋರಿಸ್ಬೇಕು, ಮಾತ್ರೆ ಕೊಡಿ ಅಮ್ಮ. ಯಾವಾಗಿಂದ ಬಿಟ್ಟವ್ನೆ?"

"ಬಿಟ್ಟಿಲ್ಲ ಕಣವ್ವ, ನಾನೇ ಕೈಯಾರೆ ಕೊಡ್ತೀನಿ. ಬೆಳಿಗ್ಗೆ ಊಟ ಆದ್ಮೇಲೆ ಒಂದು, ರಾತ್ರಿ ಊಟ ಆದ್ಮೇಲೆ ಒಂದು ಅಂತ ಡಾಕ್ಟ್ರು ಹೇಳವ್ರೆ. ಶ್ರಾವಣದಲ್ಲಿ ಊಟ ಒಂದೇ ಹೊತ್ತು ಅಲ್ವಾ? ಅದ್ಕೆ ಒಂದೇ ಕೊಟ್ಟೆ. ಸೋಮಾರ ಊಟಾನೇ ಇಲ್ಲ. ಊಟ ಇಲ್ದಲೆ ಹೆಂಗ್ ಕೊಡದು, ಬರೀ ಹೊಟ್ಟೆಗೆ ಕೆಡುಕಾದ್ರೆ?"

ತಿಂಗಳೆಲ್ಲ ಅರ್ಧ ಮದ್ದು, ಸೋಮವಾರ ಅದೂ ಇಲ್ಲ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಒಂದೇ ಮಾತ್ರೆ ಇತ್ತು, ರಾತ್ರಿಗೆ ಮಾತ್ರ. ಇದ್ದ ಒಂದು ಊಟವೂ ರಾತ್ರಿಯದೇ ಆದ್ದರಿಂದ ಹೇಗೋ ನಡೆದುಹೋಗಿತ್ತು. ಆ ವರ್ಷ ಎರಡಾಗಿತ್ತು. ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಬಸ್ ಒಂದಿಷ್ಟು ಮುಂದೆ ನಿಂತರೆ ಬೈಯುವ ಮೇಡಮ್ ಅಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. "ನೀವು ತಪ್ಪು ಮಾಡಿಲ್ಲಮ್ಮ. ಡಾಕ್ಟ್ರು ಶ್ರಾವಣದ ವಿಷ್ಯ ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಅಷ್ಟೇ ಆಗಿರೋದು" ಎಂದರು. ಅಮ್ಮ ಅಳತೊಡಗಿದರು. "ಮಿಕ್ಸಿ ಹಾಕಬಾರದಾಗಿತ್ತು, ನಾನು ಮಿಕ್ಸಿ ಹಾಕಬಾರದಾಗಿತ್ತು" ಎಂದು ಬಡಬಡಿಸಿದರು. ಮೇಡಮ್ ಅವರ ಬೆನ್ನು ಸವರಿ, "ಅದು ಕೊನೇ ಹನಿ ಅಮ್ಮ. ಅದನ್ನ ಬೈಬೇಡಿ" ಎಂದರು. ಅಮ್ಮನಿಗೆ ಅರ್ಥವಾಗಿರಲಿಕ್ಕಿಲ್ಲ. ನನಗೆ ಆಯಿತು.

ತುಮಕೂರಿನವರೆಗೂ ಅಣ್ಣ ಕಿಟಕಿಯ ಪಕ್ಕ ಕೂತಿದ್ದ, ಅವನ ಪಕ್ಕ ಮೇಡಮ್. ಆಸ್ಪತ್ರೆಯಲ್ಲಿ ಅವನನ್ನು ಸೇರಿಸಿಕೊಂಡರು. ಎಲ್ಲ ಮುಗಿದು ಕಾರಿಡಾರಿನ ಬೆಂಚಿನ ಮೇಲೆ ಕೂತಾಗ ಮೇಡಮ್ ಬ್ಯಾಗಿನಿಂದ ಡಬ್ಬಿ ತೆಗೆದರು. ಮುಚ್ಚಳ ಬರಲಿಲ್ಲ. ಬೆರಳು ಜಾರುತ್ತಿತ್ತು. "ನೀನ್ ತೆಗಿಯಮ್ಮ, ನಂಗಾಗ್ತಿಲ್ಲ" ಎಂದು ನನ್ನ ಕೈಗಿಟ್ಟರು.

"ಏನ್ ಮಾಡ್ಬೇಕು ಅಂತ ನಿಮಗೆ ಹೆಂಗೆ ಗೊತ್ತಿತ್ತು ಮೇಡಮ್?"

"ಎಲ್ಲಿ ಗೊತ್ತಿತ್ತು? ಆ ಮಿಕ್ಸಿ ಸದ್ದು ನಂಗೇ ತಡ್ಕೊಳ್ಳೋಕಾಗ್ಲಿಲ್ಲ. ಮಿಕ್ಕಿದ್ದು ಆಮೇಲೆ ಹೊಳೀತು. ನಾನು ಡಾಕ್ಟ್ರಲ್ಲಮ್ಮ. ಇನ್ನೊಂದ್ ಸಲ ಹಿಂಗಾದ್ರೆ ಮೊದ್ಲು ನಿಮ್ಮಮ್ಮನ್ನ ಕರ್ಕೊಂಡ್ ಆಚೆ ಓಡು."

ಅಣ್ಣ ಹುಷಾರಾಗಿ ಮನೆಗೆ ಬಂದ. ಮಾತ್ರೆಗೆ ಮುಂಚೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಸಾಕು ಎಂದು ವೈದ್ಯರು ಹೇಳಿದರು. "ಅದು ಊಟದ ಲೆಕ್ಕ ಆಗಲ್ವಾ?" ಎಂದು ಅಮ್ಮನಿಗೆ ಅನುಮಾನ. ಮೇಡಮ್ಮರಿಗೇ ಫೋನ್ ಮಾಡಿ ಕೇಳಿದರು. "ಶಿವನಿಗೆ ಅದು ಫಲಾಹಾರ, ಮಾತ್ರೆಗೆ ಅದು ಊಟ. ಇಬ್ರಿಗೂ ಬೇಜಾರಿಲ್ಲ" ಎಂಬ ಉತ್ತರ ಬಂತು. ನನ್ನನ್ನೂ ಬಿಡಲಿಲ್ಲ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ನಿದ್ದೆ ಬರುವುದಿಲ್ಲ ಎಂದಾಗ, "ನಿನ್ ತಲೇಲಿ ಇನ್ನೂ ಅಪಾಯ ಅಪಾಯ ಅಂತ ಕೂಗ್ತಿದೆ. ಅದೂ ಕಾಯ್ಲೇನೇ, ಹೋಗಿ ತೋರಿಸ್ಕೊ" ಎಂದು ಬೈದು ಕಳಿಸಿದರು. ಹೋದೆ. ಈಗ ಎಷ್ಟೋ ವಾಸಿ.

ಮಚ್ಚು ಮಾತ್ರ ನಮ್ಮ ಮನೆಗೆ ವಾಪಸು ಬರಲಿಲ್ಲ. ಆ ದಿನವೇ ಟೈರ್ ಅಂಗಡಿ ಮಾವ ತೆಗೆದುಕೊಂಡು ಹೋಗಿದ್ದರು. ಕಾಯಿ ಒಡೆಯಬೇಕಾದರೆ ಅಮ್ಮ ಅವರ ಮನೆಗೇ ಹೋಗುತ್ತಿದ್ದರು. ಯಾರೂ ಅದರ ಮಾತೆತ್ತುತ್ತಿರಲಿಲ್ಲ, ಅಣ್ಣನೂ.

ಈ ಶ್ರಾವಣದ ಮೊದಲ ಸೋಮವಾರ ಮೇಡಮ್ ಬಂದಿದ್ದರು. ನಿವೃತ್ತರಾದ ಮೇಲೆ ಮೊದಲ ಸಲ. ಬೆಳಿಗ್ಗೆ ಅಣ್ಣ ಹಾಲು ಹಣ್ಣು ತೆಗೆದುಕೊಂಡು ಮಾತ್ರೆ ನುಂಗಿದ್ದ. ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಮೇಡಮ್ ನಮ್ಮ ತೆಂಗಿನ ಮರ ನೋಡಿದರು, ಬುಡದಲ್ಲಿ ಇಳಿಸಿಟ್ಟಿದ್ದ ಎಳನೀರಿನ ಗೊನೆ ನೋಡಿದರು.

"ಬಿಸ್ಲಲ್ಲಿ ಬಂದಿದೀನಿ. ಒಂದು ಎಳ್ನೀರು ಕೊಚ್ಕೊಡಪ್ಪ" ಎಂದರು ಅಣ್ಣನಿಗೆ.

ಅಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕಾಂಪೌಂಡಿನ ಆಚೆ ನಿಂತಿದ್ದ ಮಾವನಿಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತು ಬಿಟ್ಟು ಅವರು ಬಂದರು. ಮಚ್ಚಿನ ಹಿಡಿಯನ್ನು ಅಣ್ಣನ ಕಡೆ ಮಾಡಿ ಚಾಚಿದರು.

"ತಗೊಳಪ್ಪ. ಸಾಣೆ ಹಿಡ್ಸಿಟ್ಟಿದೀನಿ. ನಂಗೂ ಒಂದು."

ಅಣ್ಣ ತೆಗೆದುಕೊಂಡ. ಕಾಯಿಯನ್ನು ಅಂಗೈಲಿ ತಿರುಗಿಸುತ್ತ ಕೊಚ್ಚಿದ, ಸಿಪ್ಪೆ ಹಾರಿತು, ಬಾಯಿ ತೆರೆಯಿತು, ಒಂದು ತೊಟ್ಟೂ ಚೆಲ್ಲಲಿಲ್ಲ. ಮೇಡಮ್ ತಲೆಯೆತ್ತಿ ಗಟಗಟ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಆಮೇಲೆ ಮಾವನದು.

ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಮೇಡಮ್ ನನ್ನತ್ತ ನೋಡದೆಯೇ ಕೈ ಚಾಚಿ ನನ್ನ ನಾಡಿ ಹಿಡಿದರು. ಬಿಡಲಿಲ್ಲ. ಅಣ್ಣ ಮಚ್ಚು ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

"ನಿಂಗೊಂದು ಕೊಚ್ಲೇನೇ?" ಎಂದು ಕೇಳಿದ.

ಅವರ ಬೆರಳ ಕೆಳಗೆ ನಾಡಿ ಇಳಿಯುವವರೆಗೆ ಕಾದೆ.

"ಹೂಂ ಕಣೋ, ಕೊಚ್ಚು" ಎಂದೆ.